ಶನಿವಾರ-ಭಾನುವಾರ ಬಳಸುವ ಕ್ರಮ

ಮಾಡೆಲ್: ಹನುಮಂತನಗರ. ಅವಧಿ: ಎರಡು ದಿನ. ಕರೆಂಟ್ ಬೇಕಿಲ್ಲ, ಕಾಫಿ ಬೇಕು.

ಗ್ರಾಹಕ ಮಹಾಶಯರೇ,

ಒಂದು ಶನಿವಾರ ಹಾಗೂ ಅದಕ್ಕೆ ಅಂಟಿಕೊಂಡೇ ಬರುವ ಒಂದು ಭಾನುವಾರ ತಮ್ಮ ಪಾಲಿಗೆ ಒದಗಿದ್ದಕ್ಕೆ ಅಭಿನಂದನೆಗಳು. ನಾಟಕ, ಸಂಗೀತ, ತಿಂಡಿ, ಆಟ ನಾಲ್ಕೂ ಒಟ್ಟಿಗೆ ಸಿಗುವ ಈ ಮಾಡೆಲ್ ತಯಾರಾಗುವುದು ಬೆಂಗಳೂರಿನ ಹಳೇ ದಕ್ಷಿಣದಲ್ಲಿ ಮಾತ್ರ. ಒರಿಜಿನಲ್ ತಮ್ಮದೇ ಎಂದು ಮಲ್ಲೇಶ್ವರದವರು ವಾದಿಸುತ್ತಾರೆ. 1898ರ ಪ್ಲೇಗಿನ ಸುಮಾರಿಗೆ ಬಸವನಗುಡಿಯೂ ಮಲ್ಲೇಶ್ವರವೂ ಜೊತೆಜೊತೆಗೇ ಬಡಾವಣೆಗಳಾದ ದಿನದಿಂದ ಈ ವ್ಯಾಜ್ಯ ನಡೆದಿದೆ. ತೀರ್ಪು ಬಂದಿಲ್ಲ, ಎರಡು ಕಡೆಯವರೂ ತಮ್ಮತಮ್ಮ ದೋಸೆಯನ್ನು ಸಾಕ್ಷಿಗೆಂದು ತಂದು ತಾವೇ ತಿಂದುಬಿಡುತ್ತಾರೆ. ಹನುಮಂತನಗರ ಈ ವ್ಯಾಜ್ಯದಲ್ಲಿ ಬಸವನಗುಡಿಯ ಪಕ್ಷ ಎಂಬುದನ್ನು ಮೊದಲೇ ಹೇಳಿಬಿಡುವುದು ವಾಸಿ.

ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಯಾರೂ ಓದುವುದಿಲ್ಲವೆಂದು ಗೊತ್ತು. ತಮ್ಮ ಮನೆಯ ಗ್ರೈಂಡರ್ ಜೊತೆ ಬಂದ ಪುಸ್ತಕ ಇವತ್ತಿಗೂ ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಿನೊಳಗೇ ಇದೆ; ಗ್ರೈಂಡರ್ ಮಾತ್ರ ಆಗಾಗ ರಿಪೇರಿಗೆ ಹೋಗಿ ಬರುತ್ತಿದೆ.

ಡಬ್ಬದಲ್ಲಿ ಏನೇನಿದೆ

ಡಬ್ಬ ಬಿಚ್ಚಿದೊಡನೆ ಕಾಲಿಗೆ ತಾಗುವುದು ಏರು. ಇಲ್ಲಿ ಗುಡ್ಡಗಳು ಎರಡು. ಒಂದರ ಮೇಲೆ ಕುಮಾರಸ್ವಾಮಿ, ಇನ್ನೊಂದರ ಮೇಲೆ ರಾಮಾಂಜನೇಯ. ಎರಡನೆಯದರ ಮಗ್ಗುಲಲ್ಲೇ ಕೆ.ಎಚ್. ಕಲಾಸೌಧ, ಅಂದರೆ ನಮ್ಮ ನಾಟಕದ ಮನೆ. ನಡುವೆ ಐವತ್ತಡಿ ರಸ್ತೆ. ಅಳತೆ ಹೆಸರಿನಲ್ಲಿದೆ, ರಸ್ತೆಯಲ್ಲಿ ಹುಡುಕಬೇಡಿ. ಕೆಳಗಿಳಿದರೆ ಗವಿಪುರ, ಗವಿ ಗಂಗಾಧರೇಶ್ವರ. ಇನ್ನೊಂದು ಮಗ್ಗುಲಿಗೆ ಬುಲ್ ಟೆಂಪಲ್ ರಸ್ತೆ, ಅದನ್ನು ದಾಟಿದರೆ ಗಾಂಧಿ ಬಜಾರು. ಎನ್.ಆರ್. ಕಾಲೋನಿಯಲ್ಲಿ ಸಿ. ಅಶ್ವಥ್ ಕಲಾಭವನ ಮತ್ತು ಎ.ಪಿ.ಎಸ್. ಕಾಲೇಜಿನ ಮೈದಾನ. ಸ್ವಲ್ಪ ದೂರ ನಡೆಯುವ ಮನಸ್ಸಿದ್ದರೆ ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಲ್ಲಿ ಹುಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಕೆ.ಆರ್. ರಸ್ತೆಯಲ್ಲಿ 1905ರ ಬೆಂಗಳೂರು ಗಾಯನ ಸಮಾಜ. ಯಾವ ಬಿಡಿಭಾಗವೂ ಎರಡೂವರೆ ಕಿಲೋಮೀಟರಿಗಿಂತ ಬಹಳ ಆಚೆಗಿಲ್ಲ.

ಡಬ್ಬದಲ್ಲಿ ಇಲ್ಲದ್ದು: ಪಾರ್ಕಿಂಗ್. ಅದನ್ನು ಕೇಳಿಕೊಂಡು ನಮ್ಮ ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡುವವರಿಗೆ ‘ನಡೆದು ಬನ್ನಿ’ ಎಂಬ ಒಂದೇ ಉತ್ತರ ಕೊಡುವಂತೆ ಸಿಬ್ಬಂದಿಗೆ ತರಬೇತಿ ನೀಡಲಾಗಿದೆ.

ಎಚ್ಚರಿಕೆ

ಕೆಲವು ವಾರಾಂತ್ಯಗಳನ್ನು ಬಳಕೆದಾರರು ಯೋಜಿಸುವಂತಿಲ್ಲ. ಅವು ಮೊದಲೇ ಯೋಜನೆಗೊಂಡು ಬಂದಿರುತ್ತವೆ.

ಇವುಗಳಲ್ಲಿ ಅತಿ ಬಲವಾದದ್ದು ಕಡೇ ಕಾರ್ತಿಕ ಸೋಮವಾರದ ಹಿಂದಿನದು. ಆ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿಯ ಹೊತ್ತು ಬಸವನೊಂದು ಬಂದು ಮೇಯುತ್ತಿತ್ತಂತೆ. ಅದನ್ನು ಸಮಾಧಾನಪಡಿಸಲು ಗುಡಿ ಕಟ್ಟಿ, ಮೊದಲ ಫಸಲನ್ನು ತಂದೊಪ್ಪಿಸುವ ಪದ್ಧತಿ ಬಂತು ಎಂದು ಕಥೆ. ಗುಡಿ ಕೆಂಪೇಗೌಡರ ಕಾಲದ್ದು ಎನ್ನುತ್ತಾರೆ. ಸುಮಾರು 15 ಅಡಿ ಎತ್ತರದ ಆ ಬಸವಣ್ಣನನ್ನು ನೋಡಿದವರಿಗೆ ಫಸಲು ಎಷ್ಟು ಹೋಗಿರಬಹುದು ಎಂಬ ಅಂದಾಜು ಸಿಗುತ್ತದೆ. ಇವತ್ತು ಆ ನಾಲ್ಕೂ ಹಳ್ಳಿಗಳಲ್ಲಿ ಕಡಲೆಕಾಯಿ ಗಿಡ ಹುಡುಕಿದರೆ ಕುಂಡದಲ್ಲೂ ಸಿಗದು. ಕಾಯಿ ಕೋಲಾರ, ಚಿಂತಾಮಣಿ, ಮಾಗಡಿ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಲಾರಿಯಲ್ಲಿ ಬರುತ್ತದೆ. ರೈತ ಹೋದ, ಬೆಳೆ ಹೋಯಿತು, ಪರಿಷೆ ಮಾತ್ರ ವರ್ಷ ವರ್ಷ ಉದ್ದವಾಗುತ್ತಿದೆ: ಸೋಮವಾರದ ಜಾತ್ರೆ ಶನಿವಾರವೇ ರಸ್ತೆಗೆ ಇಳಿದಿರುತ್ತದೆ. ಆ ವಾರ ತಾವು ಯಾವ ದಿಕ್ಕಿಗೆ ಹೊರಟರೂ ಕೊನೆಗೆ ಬುಲ್ ಟೆಂಪಲ್ ರಸ್ತೆಯಲ್ಲಿ, ಕೈಯಲ್ಲಿ ಒಂದು ಸೇರು ಹುರಿದ ಕಾಯಿ ಹಿಡಿದು, ಪಕ್ಕದವರ ಪೀಪಿ ಕಿವಿಗೆ ಊದಿಸಿಕೊಳ್ಳುತ್ತಾ ನಿಂತಿರುತ್ತೀರಿ. ಇದು ಉತ್ಪಾದನಾ ದೋಷವಲ್ಲ.

ರಾಮನವಮಿಯಿಂದ ಶುರುವಾಗುವ ಸುಮಾರು ಒಂದು ತಿಂಗಳೂ ಹೀಗೆಯೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಲ್ಲಿ ಹುಟ್ಟಿದ ಶ್ರೀರಾಮ ಸೇವಾ ಮಂಡಳಿಯವರು ಚಪ್ಪರ ಹಾಕಿ ಸಂಗೀತ ಕಚೇರಿ ನಡೆಸುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ, ಬಾಲಮುರಳಿಕೃಷ್ಣ ಹಾಡಿದ ಚಪ್ಪರ ಅದು. ಸಂಕ್ರಾಂತಿಯ ಸಂಜೆ ಗವಿಪುರಕ್ಕೆ ಹೋಗುವವರಿಗೆ ಒಂದು ಸೂಚನೆ: ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ತಮಗೆ ಕಾಣುವುದು ಮುಂದಿನವರು ಮೇಲೆತ್ತಿದ ಮೊಬೈಲು.

ಸ್ವಿಚ್ ಹಾಕುವ ಮುನ್ನ

ಹಿಂದೆ ದಿನಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ವಾರಾಂತ್ಯ ಸಿದ್ಧವಾಗುತ್ತಿತ್ತು. ಈಗ ಆಮಂತ್ರಣಗಳು ವಾಟ್ಸಾಪಿಗೆ ಬರುತ್ತವೆ, ಒಂದೇ ಆಮಂತ್ರಣ ಐದು ಗುಂಪುಗಳಿಂದ. ಅದನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ಮಾಡಿಕೊಳ್ಳಿ. ಮೇಲಿನ ಮುಕ್ಕಾಲು ಭಾಗ ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ, ಆಶಯ ನುಡಿ ಇತ್ಯಾದಿಗಳಿಗೆ ಮೀಸಲು. ಯಾರು ಹಾಡುತ್ತಾರೆ ಎಂಬುದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಅದಕ್ಕೂ ಕೆಳಗೆ, ‘ಕಾರ್ಯಕ್ರಮದ ನಂತರ ಲಘು ಉಪಾಹಾರ’ ಎಂಬ ಸಾಲು ಇದ್ದರೆ ಕುರ್ಚಿ ಸಿಗಲು ಅರ್ಧ ಗಂಟೆ ಮೊದಲು ಹೋಗಿ. ‘ಕಾರ್ಯಕ್ರಮಕ್ಕೆ ಮೊದಲು ಉಪಾಹಾರ’ ಎಂದಿದ್ದರೆ ಸಾವಕಾಶವಾಗಿ ಹೋದರೂ ಕುರ್ಚಿ ಖಾಲಿ ಇರುತ್ತದೆ.

ಆಮೇಲೆ ಮನೆಯಲ್ಲಿ ಮಾತುಕತೆ.

“ಏನ್ರೀ, ಏಳು ಗಂಟೆಗೆ ನಾಟಕ ಅಂದ್ರೆ ಆರು ಗಂಟೆಗೇ ಮನೆ ಬಿಡಬೇಕು.”

“ಕಲಾಸೌಧ ಇರೋದು ಎರಡು ಕ್ರಾಸ್ ಆಚೆ ಕಣೇ.”

“ಗೊತ್ತು. ಆ ಎರಡು ಕ್ರಾಸಲ್ಲಿ ನಿಮಗೆ ಎಷ್ಟು ಜನ ಸಿಗ್ತಾರೆ ಅನ್ನೋದೂ ಗೊತ್ತು.”

ಈ ಲೆಕ್ಕ ಸರಿ. ಹನುಮಂತನಗರದಲ್ಲಿ ದೂರವನ್ನು ಮೀಟರಿನಲ್ಲಿ ಅಳೆಯುವಂತಿಲ್ಲ. ‘ಏನ್ ಸಾರ್, ಎಲ್ಲಿಗೆ ಹೊರಟ್ರಿ?’ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಟೋಲ್ ಗೇಟು. ಮಗಳ ಮದುವೆ, ಮಂಡಿ ನೋವು, ಕಾವೇರಿ ನೀರು ಬಂದ ಹೊತ್ತು, ಮೂರನ್ನೂ ಕಟ್ಟದೆ ಮುಂದೆ ಬಿಡುವುದಿಲ್ಲ.

ಶನಿವಾರ ಬೆಳಗ್ಗೆ: ತಿಂಡಿ

ಯೋಜನೆಯ ಇಡೀ ಭಾರ ನಿಂತಿರುವುದು ಎರಡು ರಜೆಗಳ ಮೇಲೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಭಾನುವಾರ ರಜೆ. ಹೀಗಾಗಿ ಎರಡೂ ತೆರೆದಿರುವ ವಾರಾಂತ್ಯದ ದಿನ ಶನಿವಾರ ಒಂದೇ, ಅವತ್ತು ಬೆಳಗ್ಗೆ ಇರುವ ಹೊಟ್ಟೆಯೂ ಒಂದೇ. ಈ ಗಣಿತಕ್ಕೆ ಇದುವರೆಗೆ ಉತ್ತರ ಸಿಕ್ಕಿಲ್ಲ.

ವಿದ್ಯಾರ್ಥಿ ಭವನ 1943ರಲ್ಲಿ ಶುರುವಾಗಿದ್ದು ಹತ್ತಿರದ ಶಾಲಾ ಕಾಲೇಜಿನ ಹುಡುಗರಿಗಾಗಿ. ಆ ಹುಡುಗರಲ್ಲಿ ಬದುಕಿರುವವರು ಈಗ ತೊಂಬತ್ತು ದಾಟಿದ್ದಾರೆ, ಆದರೂ ಹೆಸರು ಬದಲಾಗಿಲ್ಲ, ಸರಿಯೇ ಆಯಿತು. ಬಳಸುವ ವಿಧಾನ: ಬಾಗಿಲಲ್ಲಿ ಹೆಸರು ಬರೆಸಿ. ರಸ್ತೆಗೆ ಬಂದು ನಿಲ್ಲಿ. ಹೆಸರು ಕೂಗಿದಾಗ ಓಡಿ. ಅದೇ ಹೆಸರಿನ ಇನ್ನಿಬ್ಬರು ಜೊತೆಗೆ ಓಡಿ ಬಂದರೆ ಎಷ್ಟು ಜನ ಎಂದು ಬರೆಸಿದ್ದಿರೋ ಅದನ್ನು ಜೋರಾಗಿ ಹೇಳಿ. ಒಳಗೆ ಕೂತ ಮೇಲೆ ಮೆನು ಕಾರ್ಡ್ ಕೇಳಬೇಡಿ, ಪಕ್ಕದವರು ಹೊಸಬರೆಂದು ಗುರುತು ಹಿಡಿಯುತ್ತಾರೆ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ, ದೋಸೆ ಬರುವ ತನಕ ನೋಡಿ. ಬಂತೆಂದರೆ ನೋಡುವುದು ಸಾಧ್ಯವಿಲ್ಲ. ತೋಳಿನ ಉದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವ ಪರಿಚಾರಕರು ಒಂದು ತಟ್ಟೆಯನ್ನೂ ಅಲುಗಿಸದೆ ತಮ್ಮ ಮುಂದಿನದನ್ನಷ್ಟೇ ಬಿಡಿಸಿ ಇಡುವ ಕೈಚಳಕವನ್ನು ನಾವು ಈ ಕೈಪಿಡಿಯಲ್ಲಿ ‘ಆಟ’ ವಿಭಾಗಕ್ಕೆ ಸೇರಿಸಬೇಕೋ ‘ಕಲೆ’ಗೆ ಸೇರಿಸಬೇಕೋ ಎಂದು ಬಹಳ ಚರ್ಚಿಸಿ, ಕೊನೆಗೆ ತಿಂಡಿಯಲ್ಲೇ ಬಿಟ್ಟಿದ್ದೇವೆ.

ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಕೂರಲು ಜಾಗವಿಲ್ಲ, ನಿಂತು ತಿನ್ನಬೇಕು. ಚಟ್ನಿಗೆ ಎರಡನೇ ಸಲ ಹೋಗುವುದು ಸಹಜ. ನಾಲ್ಕನೇ ಸಲ ಹೋಗುವವರು ಇಡ್ಲಿಯನ್ನು ನೆಪಕ್ಕೆ ತೆಗೆದುಕೊಂಡವರು.

ಬೈ ಟು ಕಾಫಿ ಬಗ್ಗೆ ಪ್ರತ್ಯೇಕ ಸೂಚನೆ ಅಗತ್ಯ. ಒಂದು ಕಾಫಿಯನ್ನು ಇಬ್ಬರಿಗೆ ಹಂಚುವುದು ಜಿಪುಣತನವೆಂದು ಹೊರಗಿನವರು ತಿಳಿಯುತ್ತಾರೆ. ಅಲ್ಲ. ಪೂರ್ತಿ ಕಾಫಿ ಕುಡಿದರೆ ಮಾತು ಮುಗಿಯುತ್ತದೆ. ಬೈ ಟು ಕುಡಿದವರು ಹತ್ತು ನಿಮಿಷ ಬಿಟ್ಟು ‘ಇನ್ನೊಂದು ಬೈ ಟು ಹೇಳೋಣ್ವಾ?’ ಎನ್ನಬಹುದು. ಮೂವರಿದ್ದಾಗ ‘ಟೂ ಬೈ ತ್ರೀ’ ಎಂದು ಹೇಳುವುದು ಕ್ರಮ. ಕ್ಯಾಷಿಯರ್ ಮುಖದ ಒಂದು ಗೆರೆಯೂ ಬದಲಾಗುವುದಿಲ್ಲ.

ತಿಂಡಿಯ ನಂತರ ಅಂಕಿತ ಪುಸ್ತಕ, ಅಲ್ಲಿಂದ ಸುಬ್ಬಮ್ಮನ ಅಂಗಡಿ. ಮೊದಲನೆಯದರಲ್ಲಿ ಪುಸ್ತಕ ಕೊಂಡು ಎರಡನೆಯದರಲ್ಲಿ ಕೋಡುಬಳೆ ಕೊಳ್ಳಿ. ತಿರುವು ಮುರುವು ಮಾಡಿದರೆ ಪುಸ್ತಕಕ್ಕೆ ಎಣ್ಣೆ ಹತ್ತುತ್ತದೆ. ಇದೇ ಬಜಾರಿನ ಹೆಸರು ಹೊತ್ತ ‘ಮನಸು ಗಾಂಧಿಬಜಾರು’ ನಿಸಾರ್ ಅಹಮದರ ಮೊದಲ ಸಂಕಲನ, 1960ರದು. ಆಗಿನ್ನೂ ಪಾರ್ಕಿಂಗ್ ಸಮಸ್ಯೆ ಇರಲಿಲ್ಲವಾದ್ದರಿಂದ ಮನಸ್ಸಿಗೆ ಆ ಹೋಲಿಕೆ ಹಿತವಾಗಿಯೇ ಇದ್ದಿರಬೇಕು.

ಮಧ್ಯಾಹ್ನ ಎರಡರಿಂದ ನಾಲ್ಕು ನಿದ್ದೆ. ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹೋದವರು ನಾಟಕದ ಎರಡನೇ ದೃಶ್ಯದಲ್ಲಿ ಮಲಗುತ್ತಾರೆ.

ಶನಿವಾರ ಸಂಜೆ: ನಾಟಕ

ಈ ಭಾಗವನ್ನು ಕನ್ನಡಕ ಒರೆಸಿಕೊಂಡು ಓದಿ.

ಕಲಾಸೌಧದಲ್ಲಿ ಆಡುವವರು ಬಹುಪಾಲು ಹವ್ಯಾಸಿಗಳು. ರಾಜನ ಪಾತ್ರದವನು ಬ್ಯಾಂಕಿನಲ್ಲಿದ್ದಾನೆ, ರಾಣಿ ಸಾಫ್ಟ್‌ವೇರು, ದೂತ ಇನ್ನೂ ಡಿಗ್ರಿ ಓದುತ್ತಿದ್ದಾನೆ, ಸಂಗೀತದವರು ಶಾಲೆಯಲ್ಲಿ ಮೇಷ್ಟರು. ಎರಡು ತಿಂಗಳು ಸಂಜೆ ಆಫೀಸು ಬಿಟ್ಟು, ಸಿಲ್ಕ್ ಬೋರ್ಡಿನಂಥ ಕಡೆಯಿಂದ ಬಸ್ಸು ಹತ್ತಿ ಬಂದು, ಯಾರದೋ ಮನೆಯ ತಾರಸಿಯಲ್ಲಿ ತಾಲೀಮು ನಡೆಸಿರುತ್ತಾರೆ. ಅಂದರೆ ತಾವು ಬಳಸುತ್ತಿರುವ ಈ ಒಂದು ಶನಿವಾರದ ಒಳಗೆ ಅವರ ಹತ್ತಾರು ಸಂಜೆಗಳನ್ನು ಬಿಚ್ಚಿ ಜೋಡಿಸಲಾಗಿದೆ. ಬಿಡಿಭಾಗದ ಬೆಲೆ ಕೇಳಿದರೆ ಯಾರೂ ಹೇಳುವುದಿಲ್ಲ. ಸಭಾಂಗಣದ ಬಾಡಿಗೆ, ಬೆಳಕಿನವರು, ರಂಗಸಜ್ಜಿಕೆ ಹೊತ್ತು ತಂದ ಟೆಂಪೋ, ಪ್ರಸಾಧನ, ತಾಲೀಮಿನ ಟೀ ಎಲ್ಲ ಕಳೆದರೆ ನಿರ್ದೇಶಕರ ಕೈಗೆ ಉಳಿಯುವುದು ಸಾಮಾನ್ಯವಾಗಿ ಒಂದು ಬಾಕಿ ಬಿಲ್ಲು.

ಇಷ್ಟಾಗಿಯೂ ಬಾಗಿಲಲ್ಲಿ ಕೇಳಿಬರುವ ಸಂಭಾಷಣೆ ಇದು:

“ನಮ್ಮ ಹುಡುಗನೇ ಮಾಡ್ತಿರೋದಲ್ವಾ, ಪಾಸ್ ಇಟ್ಟಿರ್ತಾನೆ ನೋಡಿ.”

“ಟಿಕೆಟ್ ಇನ್ನೂರು ರೂಪಾಯಿ ಸಾರ್.”

“ಇನ್ನೂರಾ! ಒಳಗೆ ಜಾಗ ಖಾಲಿ ಇದೆಯಲ್ಲ?”

ಬೆಳಗ್ಗೆ ನಾಲ್ಕು ಜನರ ದೋಸೆಗೆ ಇದಕ್ಕಿಂತ ಹೆಚ್ಚು ಕೊಟ್ಟು, ‘ಪರವಾಗಿಲ್ಲ, ರೇಟು ಕಡಿಮೆಯೇ’ ಎಂದಿದ್ದವರು ಇವರೇ. ಹೋಟೆಲಿನ ಯಜಮಾನರು ಪಕ್ಕದ ಬೀದಿಯವರೆಂದು ದೋಸೆಗೆ ಪಾಸ್ ಕೇಳುವವರನ್ನು ನಾವು ಇನ್ನೂ ಕಂಡಿಲ್ಲ. ನಾಟಕದವನು ಮಾತ್ರ ಪರಿಚಯ ಮಾಡಿಕೊಂಡಷ್ಟೂ ಬಡವನಾಗುತ್ತಾನೆ.

ಹವ್ಯಾಸಿಗಳೆಂದು ಹಗುರವಾಗಿ ಎಣಿಸುವಂತೆಯೂ ಇಲ್ಲ. ಕಲಾಗಂಗೋತ್ರಿ ತಂಡದವರು 1980ರಲ್ಲಿ ‘ಮುಖ್ಯಮಂತ್ರಿ’ ನಾಟಕ ಆಡಲು ಹೊರಟಾಗ ಆ ಕುರ್ಚಿಯಲ್ಲಿ ಕೂತ ಚಂದ್ರು ಅವರಿಗೆ ಆ ಪದವಿ ಹೆಸರಿಗೇ ಅಂಟಿಕೊಂಡಿತು. ಅದಾದ ಮೇಲೆ ವಿಧಾನಸೌಧದಲ್ಲಿ ಎಷ್ಟೋ ಮುಖ್ಯಮಂತ್ರಿಗಳು ಬಂದರು, ಹೋದರು, ಇವರು ಇಳಿದಿಲ್ಲ. ಇನ್ನು ಹನುಮಂತನಗರದ್ದೇ ಬೇಕೆಂದರೆ, ಇಲ್ಲಿ ಬೆಳೆದು ಗವಿಪುರದ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಶಿವಾಜಿರಾವ್ ಗಾಯಕ್‌ವಾಡ್ ಎಂಬ ಹುಡುಗ ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರಾಗಿದ್ದುಕೊಂಡೇ ಪೌರಾಣಿಕ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದ. 1973ರಲ್ಲಿ ಮದ್ರಾಸಿನ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದ, ಆಮೇಲೆ ರಜನೀಕಾಂತ್ ಆದ. ಅವತ್ತು ಆ ನಾಟಕಗಳನ್ನು ಪಾಸಿನಲ್ಲಿ ನೋಡಿದವರು ಇದ್ದರೆ ಈಗಲಾದರೂ ಬಾಕಿ ಸಂದಾಯ ಮಾಡಬಹುದು.

ವೇಳೆಯ ಬಗ್ಗೆ. ಬರೀ ನಾಟಕವಾದರೆ ಏಳು ಎಂದರೆ ಏಳೂ ಚಿಲ್ಲರೆ. ನಾಟಕಕ್ಕೆ ಮೊದಲು ‘ವೇದಿಕೆ ಕಾರ್ಯಕ್ರಮ’ ಇದ್ದರೆ ಕೆಳಗಿನಷ್ಟು ಕೂಡಿಸಿಕೊಳ್ಳಿ: ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕುವುದು, ಸನ್ಮಾನ. ಸನ್ಮಾನದಲ್ಲಿ ಪೇಟ ತಲೆಗೆ ಸರಿಹೊಂದುವ ತನಕ ಒಂದು ಹೊತ್ತು, ಎಲ್ಲರೂ ಫೋಟೋಗೆ ನಿಲ್ಲಲು ಇನ್ನೊಂದು. ಸನ್ಮಾನಿತರು ‘ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ’ ಎಂದು ಶುರುಮಾಡಿದರೆ ಹೊರಗೆ ಹೋಗಿ ಕಾಫಿ ಕುಡಿದು ಬರಲು ಧಾರಾಳ ಅವಕಾಶವಿದೆ. ತೆರೆಯ ಹಿಂದೆ ಅಷ್ಟು ಹೊತ್ತೂ ಮೀಸೆ ಅಂಟಿಸಿಕೊಂಡು ನಿಂತಿರುವ ರಾಜನ ಬಗ್ಗೆ ಕೈಪಿಡಿಗೆ ಕನಿಕರವಿದೆ.

ನಾಟಕ ನಡೆಯುವಾಗ ಮೊಬೈಲು ಮೊಳಗಿದರೆ, ಅದು ಬೇರೆಯವರದ್ದೆಂಬಂತೆ ಹಿಂದೆ ತಿರುಗಿ ನೋಡುವ ಉಪಾಯ ಈಗ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಆಫ್ ಮಾಡಿಯೇ ಕೂರಿ.

ಭಾನುವಾರ ಬೆಳಗ್ಗೆ: ಆಟ

ಆಟದಲ್ಲಿ ಎರಡು ಬಗೆ: ಆಡುವುದು, ಹೇಗೆ ಆಡಬೇಕೆಂದು ಹೇಳುವುದು. ಎರಡನೆಯದಕ್ಕೆ ವಯಸ್ಸಿನ ಮಿತಿ ಇಲ್ಲ, ಮೊಣಕಾಲು ನೋವೂ ಅಡ್ಡಿ ಬಾರದು.

ಬ್ಯೂಗಲ್ ರಾಕಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಅದರ ಸುತ್ತ ಬೆಳಗ್ಗೆ ವಾಕಿಂಗ್ ಮಾಡುವವರು ತಮ್ಮ ವಯಸ್ಸಿನ ಬಗ್ಗೆ ನೆಮ್ಮದಿ ಪಡುತ್ತಾರೆ. ಅಲ್ಲಿಂದ ಎ.ಪಿ.ಎಸ್. ಮೈದಾನಕ್ಕೆ ಬನ್ನಿ. ಒಂದೇ ಮೈದಾನದಲ್ಲಿ ಐದಾರು ಪಂದ್ಯ. ಒಂದು ಪಂದ್ಯದ ಫೈನ್ ಲೆಗ್ ಇನ್ನೊಂದು ಪಂದ್ಯದ ಸ್ಲಿಪ್ಪಿನಲ್ಲಿ ನಿಂತಿರುತ್ತಾನೆ, ಮೂರನೇ ಪಂದ್ಯದ ಚೆಂಡನ್ನು ನಾಲ್ಕನೇ ಪಂದ್ಯದ ಅಂಪೈರು ಎತ್ತಿ ಎಸೆಯುತ್ತಾನೆ. ಯಾರ ಲೆಕ್ಕವೂ ತಪ್ಪುವುದಿಲ್ಲ. ಬೆಂಗಳೂರಿನ ಟ್ರಾಫಿಕ್ ಪೊಲೀಸರನ್ನು ಒಂದು ಭಾನುವಾರ ಇಲ್ಲಿಗೆ ಕರೆತಂದು ಕೂರಿಸಬೇಕು.

ಕ್ರಾಸುಗಳಲ್ಲಿ ನಡೆಯುವ ಕ್ರಿಕೆಟ್ಟಿಗೆ ನಿಯಮಗಳೇ ಬೇರೆ. ಕಾಂಪೌಂಡ್ ಒಳಗೆ ಬಿದ್ದರೆ ಔಟ್. ಒನ್ ಪಿಚ್ ಕ್ಯಾಚ್ ಔಟ್. ಬೆಸ ಸಂಖ್ಯೆಯ ಹುಡುಗರಿದ್ದರೆ ಒಬ್ಬ ಜೋಕರ್, ಎರಡೂ ಕಡೆ ಬ್ಯಾಟಿಂಗ್. ಮೊದಲ ಚೆಂಡಿಗೇ ಔಟಾದರೆ ಅದು ಟ್ರಯಲ್ ಬಾಲ್. ಬ್ಯಾಟು ಯಾರದೋ ಅವನಿಗೆ ಎಲ್ಲ ಬಾಲೂ ಟ್ರಯಲ್ಲೇ. ಯಾವ ಮನೆಯ ಅಜ್ಜಿ ಚೆಂಡು ವಾಪಸ್ ಕೊಡುವುದಿಲ್ಲವೋ ಆ ದಿಕ್ಕಿಗೆ ಸ್ವೀಪ್ ಮಾಡುವುದನ್ನು ಇಲ್ಲಿನ ಹುಡುಗರು ಹುಟ್ಟಿನಿಂದಲೇ ಬಿಟ್ಟಿರುತ್ತಾರೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು 74 ರನ್ನಿಗೆ. ಅದರ ನಂತರ ಈ ಭಾಗದಲ್ಲಿ ‘ನಮ್ಮ ಕ್ಲಾಸ್‌ಮೇಟ್’ ಎಂದು ಹೇಳಿಕೊಳ್ಳುವವರನ್ನೆಲ್ಲ ಸೇರಿಸಿದರೆ ಆ ತರಗತಿ ಈ ಮೈದಾನದಲ್ಲಿ ಹಿಡಿಸದು.

ಓಡಲಾರದವರಿಗೆ ಇಸ್ಪೀಟು ಇದೆ. ಗವಿಪುರದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗಿ ಎಲೆ ಹಾಕಿ ಬರುತ್ತಿದ್ದರು. ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಬಂದವರಿಗೆ ಅದರಿಂದ ಬರವಣಿಗೆಗೆ ಏನೂ ತೊಂದರೆ ಆದಂತಿಲ್ಲ. ‘ಕಾರ್ಡ್ಸ್ ಆಡಿ ಹಾಳಾಗ್ತೀರಿ’ ಎನ್ನುವ ಮನೆಯವರಿಗೆ ಈ ಪುಟವನ್ನು ತೋರಿಸಬಹುದು.

ಭಾನುವಾರ ಸಂಜೆ: ಸಂಗೀತ

ಗಾಯನ ಸಮಾಜವೋ, ವರ್ಲ್ಡ್ ಕಲ್ಚರೋ, ಅಶ್ವಥ್ ಕಲಾಭವನವೋ ಎಂಬ ಗೊಂದಲ ಬಂದರೆ, ಯಾವುದು ಇಳಿಜಾರಿನಲ್ಲಿದೆಯೋ ಅಲ್ಲಿಗೆ ಹೋಗಿ. ವಾಪಸ್ ಬರುವಾಗ ಏರು ಎಂಬುದು ಆಮೇಲಿನ ಮಾತು.

ಕಚೇರಿಯಲ್ಲಿ ಬಳಕೆದಾರರು ಸಾಮಾನ್ಯವಾಗಿ ಮಾಡುವ ದುರ್ಬಳಕೆಗಳು ಮೂರು. ಆಲಾಪನೆ ಶುರುವಾದ ಕೂಡಲೇ ಪಕ್ಕದವರ ಕಿವಿಯಲ್ಲಿ ರಾಗದ ಹೆಸರು ಹೇಳಿ, ಕೃತಿ ಬಂದಾಗ ಬೇರೆ ರಾಗವಾದರೆ ‘ಛಾಯೆ ಇತ್ತು’ ಎನ್ನುವುದು. ತೊಡೆಯ ಮೇಲೆ ತಾಳ ಹಾಕಿ, ತಪ್ಪಿದಾಗ ವಿದ್ವಾಂಸರನ್ನು ದುರುಗುಟ್ಟಿ ನೋಡುವುದು. ಇವೆರಡನ್ನೂ ಕ್ಷಮಿಸಬಹುದು. ಮೂರನೆಯದಕ್ಕೆ ಕ್ಷಮೆ ಇಲ್ಲ: ತನಿ ಆವರ್ತನ ಆರಂಭವಾದೊಡನೆ ಎದ್ದು ಚಪ್ಪಲಿ ಹುಡುಕುವುದು. ಮೃದಂಗದವರು ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಒದಗಿ ಬಂದಿದ್ದಾರೆ. ಅವರ ಪಾಲಿಗೆ ಉಳಿದ ಹತ್ತು ನಿಮಿಷದಲ್ಲಿ ಅವರಿಗೆ ಕಾಣುವುದು ನಿಮ್ಮ ಬೆನ್ನುಗಳ ಸಾಲು. ಅವರಿಗೂ ಇದು ಭಾನುವಾರ. ಅವರ ಮನೆಯಲ್ಲೂ ಮಕ್ಕಳು ‘ಅಪ್ಪ, ಇವತ್ತೂ ಕಚೇರಿನಾ?’ ಎಂದು ಕೇಳಿರುತ್ತಾರೆ.

ಸುಗಮ ಸಂಗೀತದವರಿಗೆ ಒಂದು ಕಿರು ಮಾಹಿತಿ. ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡಿದ್ದು 2009ರ ಡಿಸೆಂಬರ್ 29. ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡಿದ್ದು 1986ರ ಜೂನ್ 6. ದಿನಾಂಕದ ವಿಷಯದಲ್ಲಿ ಇಷ್ಟು ಕರಾರುವಾಕ್ಕಾದ ಹಿರಿಯರು ಓಡಾಡಿದ ಪ್ರದೇಶದಲ್ಲಿ ಐದೂವರೆಯ ಕಾರ್ಯಕ್ರಮ ಆರೂಕಾಲಿಗೆ ಶುರುವಾಗುವುದೇಕೆ ಎಂಬುದನ್ನು ಸಂಘಟಕರು ಯೋಚಿಸಬೇಕು.

ದೋಷ ಮತ್ತು ಪರಿಹಾರ

ಮಳೆ ಬಂದರೆ: ಬಜ್ಜಿ.

ಎರಡು ಒಳ್ಳೆಯ ಕಾರ್ಯಕ್ರಮ ಒಂದೇ ಹೊತ್ತಿಗೆ ಬಿದ್ದರೆ: ಒಂದಕ್ಕೆ ಯಜಮಾನರು, ಒಂದಕ್ಕೆ ಮನೆಯವರು ಹೋಗಿ, ರಾತ್ರಿ ಮಜ್ಜಿಗೆ ಅನ್ನದ ಜೊತೆ ವಿನಿಮಯ ಮಾಡಿಕೊಳ್ಳಿ. ತಾವು ಹೋದದ್ದೇ ಚೆನ್ನಾಗಿತ್ತೆಂದು ಇಬ್ಬರೂ ಹೇಳುವುದು ಸಾಮಾನ್ಯ ಲಕ್ಷಣ, ಹೆದರಬೇಕಿಲ್ಲ.

ಶನಿವಾರ ಬೆಳಗ್ಗೆ ಊರಿನಿಂದ ನೆಂಟರು ಬಂದರೆ: ಅವರನ್ನೂ ಯೋಜನೆಗೆ ಸೇರಿಸಿ. ಅವರು ಲಾಲ್‌ಬಾಗ್, ಇಸ್ಕಾನ್, ಮಾಲ್ ಎನ್ನುತ್ತಾರೆ. ಗ್ಲಾಸ್ ಹೌಸಿನ ಮುಂದೆ ಒಂದು ಫೋಟೋ ತೆಗೆಸಿ, ಉಳಿದ ಹೊತ್ತನ್ನು ವಿ.ವಿ. ಪುರದ ತಿಂಡಿ ಬೀದಿಗೆ ತಿರುಗಿಸಿದರೆ ಮಾಲ್ ಮರೆಯುತ್ತಾರೆ.

ಮಕ್ಕಳು ‘ಬೋರು, ಬರಲ್ಲ’ ಎಂದರೆ: ಬಲವಂತ ಬೇಡ. ಮೊದಲ ಸಲ ನಾಟಕ ಮುಗಿದ ಮೇಲೆ ಅವರನ್ನು ರಂಗದ ಹಿಂದಕ್ಕೆ ಕರೆದುಕೊಂಡು ಹೋಗಿ. ಮೀಸೆ ಕಿತ್ತುಕೊಳ್ಳುತ್ತಿರುವ ರಾಜ, ಮೊಬೈಲಿನಲ್ಲಿ ಕ್ಯಾಬು ಹುಡುಕುತ್ತಿರುವ ರಾಣಿ, ಕಿರೀಟವನ್ನು ಹಳೇ ಸೂಟ್‌ಕೇಸಿಗೆ ತುಂಬುತ್ತಿರುವ ಮಂತ್ರಿ, ಇವರನ್ನು ನೋಡಿದ ಮಗು ಮುಂದಿನ ಸಲ ತಾನಾಗಿಯೇ ಚಪ್ಪಲಿ ಹಾಕಿಕೊಳ್ಳುತ್ತದೆ. ನಾಲ್ಕನೇ ಸಲ ತಾಲೀಮಿಗೆ ಸೇರುತ್ತೇನೆ ಎಂದರೆ ಅದಕ್ಕೆ ನಾವು ಜವಾಬ್ದಾರರಲ್ಲ.

ಸೋಮವಾರ ಬೆಳಗ್ಗೆ ಸುಸ್ತಾಗಿದ್ದರೆ: ಉಪಕರಣ ಸರಿಯಾಗಿ ಕೆಲಸ ಮಾಡಿದೆ.

ವಾರಂಟಿ

ಎರಡು ದಿನ. ದೋಸೆ ಸಿಗದಿದ್ದರೆ, ಹೆಸರು ಕೂಗುವಾಗ ತಾವು ಪುಸ್ತಕದ ಅಂಗಡಿಯಲ್ಲಿದ್ದರೆ, ಮುಖ್ಯ ಅತಿಥಿಗಳು ಮೈಕು ಬಿಡದಿದ್ದರೆ ವಾರಂಟಿ ಅನ್ವಯಿಸುವುದಿಲ್ಲ. ಹಣ ವಾಪಸ್ ಪದ್ಧತಿ ಇಲ್ಲ, ಏಕೆಂದರೆ ಹೆಚ್ಚಿನ ಭಾಗಗಳಿಗೆ ನಾವು ಹಣವನ್ನೇ ಕೇಳಿಲ್ಲ. ವರ್ಲ್ಡ್ ಕಲ್ಚರಿನ ಉಪನ್ಯಾಸ ಉಚಿತ, ಬಂಡೆ ಉಚಿತ, ಮೈದಾನದ ಅಂಚಿನಲ್ಲಿ ನಿಂತು ಕೊಡುವ ಸಲಹೆಯೂ ಉಚಿತ.

ಕೇಳುವುದು ಒಂದೇ ಕಡೆ, ಕಲಾಸೌಧದ ಬಾಗಿಲಲ್ಲಿ. ಮುಂದಿನ ಶನಿವಾರ ಏಳಕ್ಕೆ ನಾಟಕವಿದ್ದರೆ ಆರೂಮುಕ್ಕಾಲಿಗೆ ಬನ್ನಿ. ಟಿಕೆಟ್ ತಗೊಳ್ಳಿ. ನಿರ್ದೇಶಕರು ತಮಗೆ ಎಷ್ಟೇ ಹತ್ತಿರದ ನೆಂಟರಾಗಿದ್ದರೂ ದಯವಿಟ್ಟು ಪಾಸ್ ಕೇಳಬೇಡಿ.